ಹಸಿ ತೊಪ್ಪಲು ಮತ್ತೆ ಒಳಗೆ ಬಂದದ್ದು

ಮೊದಲು ರಕ್ತ ಕಂಡದ್ದು ರೊಟ್ಟಿಯ ಮೇಲೆ.

ನನ್ನ ಊಟ ಹನ್ನೊಂದಕ್ಕೆ ಮುಗಿಯುತ್ತದೆ. ಆಮೇಲೆ ನಾನು ಅಡುಗೆಮನೆಗೆ ಕಾಲಿಡುವವನಲ್ಲ. ಆ ದಿನ ಕಿಸೆಗಡಿಯಾರವನ್ನು ಮಣೆಯ ಪಕ್ಕ ಮರೆತು ಬಂದಿದ್ದೆ, ತರಲು ಹೋದೆ. ನನ್ನ ಹೆಂಡತಿ ಗಂಗವ್ವ ಒಬ್ಬಳೇ ಊಟಕ್ಕೆ ಕೂತಿದ್ದಳು. ಕಚ್ಚಿ ಇಟ್ಟ ರೊಟ್ಟಿಯ ಅಂಚಿನಲ್ಲಿ ಕೆಂಪು ಗೀರು. ನನ್ನನ್ನು ಕಂಡವಳೇ ರೊಟ್ಟಿ ಮಗುಚಿ ಹಾಕಿದಳು. ಏನದು ಎಂದರೆ ಕೆಂಪು ಖಾರದ ಚಟ್ನಿ ಅಂದಳು.

ಮೂವತ್ತು ವರ್ಷ ಶಾಲೆಯ ಮಕ್ಕಳ ಸುಳ್ಳು ಹಿಡಿದ ಕಣ್ಣು ನನ್ನದು. ಬಾಯಿ ತೆರೆ ಅಂದೆ. ಒಸಡು ಬದನೆಕಾಯಿಯ ಬಣ್ಣಕ್ಕೆ ತಿರುಗಿ, ಊದಿ, ಹಲ್ಲಿನ ಮೇಲೆ ಏರಿತ್ತು. ಮುಂದಿನ ಒಂದು ಹಲ್ಲು ಬೆರಳು ತಾಗಿದರೆ ಅಲುಗುತ್ತಿತ್ತು. ಎಷ್ಟು ದಿನದಿಂದ? ದೀಪಾವಳಿಯಿಂದ. ಅಂದರೆ ಎರಡು ತಿಂಗಳು.

ಸೀರೆಯ ಅಂಚು ಸ್ವಲ್ಪ ಮೇಲೆ ಮಾಡಿಸಿ ನೋಡಿದೆ. ಮೀನಖಂಡದಲ್ಲಿ ಎಲ್ಲೂ ಬಡಿಯದೆ ಎದ್ದ ನೀಲಿ ಕಲೆಗಳು. ಹಿಮ್ಮಡಿಯ ಮೇಲೆ ಎಂದೋ ಕುಡುಗೋಲು ತಾಗಿ ಮಾಯ್ದಿದ್ದ ಗಾಯ ಮತ್ತೆ ಬಾಯಿ ಬಿಟ್ಟಿತ್ತು. ಆ ಎರಡು ತಿಂಗಳಲ್ಲಿ ಊಟ ತಡವಾದಾಗಲೆಲ್ಲ ನಾನು ಆಕೆಗೆ ಗಡಿಯಾರ ತೋರಿಸಿದ್ದೆ. ಕಾಲು ಎಳೆದುಕೊಂಡು ಓಡಾಡುತ್ತಿದ್ದವಳಿಗೆ ಸೋಮಾರಿತನ ಬಂತೇ ಎಂದೂ ಕೇಳಿದ್ದೆ.

ನಮ್ಮದು ಅಳವಂಡಿ. ಕುಷ್ಟಗಿಯಲ್ಲಿ ಹೆಡ್‌ಮಾಸ್ತರನಾಗಿದ್ದು ಪೆನ್ಶನ್ ಆದ ಮೇಲೆ ಊರಿಗೆ ಬಂದು ನಿಂತವನು. ಮನೆಯಲ್ಲಿ ನಾವಿಬ್ಬರು, ಒಕ್ಕಲುತನ ನೋಡುವ ಮಗ ಬಸವರಾಜ, ಸೊಸೆ ನೀಲವ್ವ. ಏಳುವುದು, ಮೀಯುವುದು, ಉಣ್ಣುವುದು ಎಲ್ಲಕ್ಕೂ ವೇಳೆಯುಂಟು. ಅಡುಗೆಗೂ ಒಂದು ಕಟ್ಟಳೆ ಇತ್ತು. ಅದು ಹುಟ್ಟಿದ್ದು ಹೇಗೆಂದು ಇಲ್ಲೇ ಹೇಳಬೇಕು.

ನಾಲ್ಕು ವರ್ಷದ ಹಿಂದೆ ಊರಿಗೆ ಕಾಲರಾ ಬಂತು. ಮಗಳು ಶಾರವ್ವ ತವರಿಗೆ ಬಂದಿದ್ದಳು. ಒಂದು ಸಂಜೆ ಹಳ್ಳದ ದಂಡೆಯ ಎಳೆ ಸೌತೆಕಾಯಿ ತಂದು, ತೊಳೆಯದೆ, ಉಪ್ಪು ಹಚ್ಚಿ ತಿಂದಳು. ಮಾರನೆಯ ಮಧ್ಯಾಹ್ನಕ್ಕೆ ಇರಲಿಲ್ಲ.

ಹದಿಮೂರನೆಯ ದಿನ ನಾನು ಅಡುಗೆಮನೆಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದೆ. ಹಸಿಯದು ಯಾವುದೂ ಹೊಸ್ತಿಲು ದಾಟಕೂಡದು. ಸೊಪ್ಪು ತೊಪ್ಪಲು, ಕಾಯಿ ಯಾವುದೇ ಇರಲಿ, ಹಿತ್ತಲಲ್ಲೇ ಹೆಚ್ಚಿ ಒಂದು ತಾಸು ಕುದಿಸಬೇಕು. ಕುದಿಸಿದ ನೀರು ಬಸಿದು ಚೆಲ್ಲಬೇಕು. ಎಲ್ಲರನ್ನೂ ನಿಲ್ಲಿಸಿ ಶಾರವ್ವನ ಹೆಸರಿನಲ್ಲಿ ಆಣೆ ಮಾಡಿಸಿದೆ. ಅಕ್ಷರ ಮಾಸಿದಾಗಲೆಲ್ಲ ತಿದ್ದಿ ಬರೆಯುತ್ತಿದ್ದೆ.

ನಮ್ಮ ಕಡೆ ರೊಟ್ಟಿಯ ಜೊತೆ ಹಸಿ ತೊಪ್ಪಲು ತಿನ್ನದ ಮನೆ ಇಲ್ಲ. ಚಳಿಗಾಲದಲ್ಲಿ ಜೋಳದ ಹೊಲದ ತುಂಬ ಹಕ್ಕರಿಕೆ, ಮೆಂತ್ಯೆ, ಮೂಲಂಗಿ. ಹಳ್ಳದ ತೋಟದ ಹುಸೇನಬಿ ಬುಟ್ಟಿ ಹೊತ್ತು ಬಂದು ಕಟ್ಟೆಯ ಮೇಲೆ ಇಳಿಸಿದಾಗಲೆಲ್ಲ ನನ್ನನ್ನು ಕೆಣಕುತ್ತಿದ್ದಳು.

"ಹಕ್ಕರಿಕಿನ ಕುದಿಸಿ ತಿನ್ನೋ ಮನಿ ಈ ಸೀಮ್ಯಾಗ ನಿಮ್ಮದೊಂದ ನೋಡ್ರಿ ಮಾಸ್ತರ. ನಾ ಅದನ್ನ ಎಮ್ಮಿಗೆ ಹಾಕೂ ಮುಂದೂ ಕುದಸಂಗಿಲ್ಲ."

ನಾನು ನಗಲಿಲ್ಲ. ಗಂಗವ್ವ ನಕ್ಕಿದ್ದಳು. ಹಕ್ಕರಿಕೆ ಎಂದರೆ ಆಕೆಗೆ ಪ್ರಾಣ.

ಒಸಡಿಗೆ ಪಟಿಕದ ನೀರು, ಜಾಲಿ ತೊಗಟೆಯ ಕಷಾಯ, ಲವಂಗ ಎಲ್ಲ ಆಯಿತು. ಊರಿನ ವೈದ್ಯರು ಮೈಕಾವು ಅಂದರು. ಹುಳಿ ಬಿಡಿಸಿ ಬರೀ ಗಂಜಿಯ ಪಥ್ಯ ಹೇಳಿದರು. ಪಥ್ಯವನ್ನು ನಾನು ಗಡಿಯಾರ ಹಿಡಿದು ನಡೆಸಿದೆ. ಹತ್ತು ದಿನ. ಕಲೆಗಳು ತೊಡೆಗೆ ಏರಿದವು. ನಾನು ಜಗಲಿಯಲ್ಲಿ ಕೂರುವುದು, ಏಳುವುದು, ಮತ್ತೆ ಒಳಗೆ ಇಣುಕುವುದು. ಪುಸ್ತಕ ತೆರೆದರೆ ಅದೇ ಪುಟ.

ಹನ್ನೊಂದನೆಯ ಬೆಳಿಗ್ಗೆ ಒಳಗಿನಿಂದ ಆಕೆಯ ದನಿ ಬಂತು.

"ಏಳಾಕ ಬರವಲ್ದ್ರಿ."

ಬಸವರಾಜ ಚಕ್ಕಡಿ ಕಟ್ಟಿದ. ಮೇವು ಹಾಸಿ, ಮೇಲೆ ಕೌದಿ ಹಾಸಿ ಮಲಗಿಸಿದೆವು. ಕೊಪ್ಪಳದ ದವಾಖಾನೆಗೆ ಮುಟ್ಟುವ ಹೊತ್ತಿಗೆ ಬಿಸಿಲೇರಿತ್ತು. ದಾರಿಯಲ್ಲಿ ಗಾಲಿ ಕಲ್ಲಿಗೆ ಏರಿದಾಗಲೆಲ್ಲ ಆಕೆ ನನ್ನ ಕೈ ಹಿಡಿಯುತ್ತಿದ್ದಳು. ಆ ಹಿಡಿತದಲ್ಲಿ ಬಲವೇ ಇರಲಿಲ್ಲ.

ಡಾಕ್ಟರು ಹೈದರಾಬಾದಿನಲ್ಲಿ ಕಲಿತವರು, ವಯಸ್ಸಿನಲ್ಲಿ ನನ್ನ ಮಗನಷ್ಟು. ಒಸಡು ನೋಡಿದರು, ಕಾಲು ನೋಡಿದರು. ಆಮೇಲೆ ರೋಗಿಯನ್ನು ಬಿಟ್ಟು ನನ್ನ ಕಡೆ ತಿರುಗಿ, ಮನೆಯಲ್ಲಿ ಏನು ಉಣ್ಣುತ್ತೀರಿ, ಹೇಗೆ ಬೇಯಿಸುತ್ತೀರಿ ಎಂದು ಕೇಳತೊಡಗಿದರು. ನಾನು ಕಟ್ಟಳೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆನೆಂದು ಈಗ ಒಪ್ಪಿಕೊಳ್ಳಬೇಕು. ಅವರು ಬರೆದುಕೊಳ್ಳುತ್ತಿದ್ದ ಪೆನ್ಸಿಲ್ ಕೆಳಗಿಟ್ಟರು.

"ಇದು ಸ್ಕರ್ವಿ, ಮಾಸ್ತರ್ ಸಾಬ್. ಜಹಾಜಿನವರ ಬೀಮಾರಿ. ತಿಂಗಳಗಟ್ಲೆ ದರಿಯಾದಾಗ, ಸಮುದ್ರದಾಗ ಇದ್ದು, ತಾಜಾ ಹಣ್ಣು ತರಕಾರಿ ಸಿಗಲಾರದವರಿಗೆ ಬರತೈತಿ."

ಮಂಚದ ಮೇಲಿಂದ ಗಂಗವ್ವ ಹೇಳಿದಳು, "ನಾ ತುಂಗಭದ್ರಾ ದಾಟಿದ್ದ ಒಂದ ಸಲರಿ ಸಾಹೇಬ್ರ. ಅದೂ ಆನೆಗೊಂದ್ಯಾಗ, ಹರಗೋಲದಾಗ."

ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ. ಹಸಿ ತರಕಾರಿಯಲ್ಲಿ ವಿಟಮಿನ್ ಸಿ ಎಂಬುದೊಂದು ಇರುತ್ತದೆಂದೂ, ಅತಿಯಾಗಿ ಕುದಿಸಿದರೆ ಅದು ಕೆಡುತ್ತದೆಂದೂ, ಉಳಿದದ್ದು ನೀರಿಗೆ ಇಳಿದು ಆ ನೀರಿನ ಜೊತೆ ಬಚ್ಚಲಿಗೆ ಹೋಗುತ್ತದೆಂದೂ ವಿವರಿಸಿದರು. ನಾಲ್ಕು ವರ್ಷ ಚೂರುಪಾರಿನಲ್ಲಿ ದಿನ ದೂಡಿದ ಮೈ ಈಗ ಬರಿದಾಗಿದೆ ಅಂದರು. ಹಾಗಿದ್ದರೆ ನನಗೇಕೆ ಬರಲಿಲ್ಲ ಎಂದು ಕೇಳಿದೆ. ನಾನೂ ಅದೇ ಅಡುಗೆ ಉಂಡವನು.

ಬೆಳಿಗ್ಗೆ ಎದ್ದು ಏನು ತಗೊಳ್ಳುತ್ತೀರಿ ಎಂದರು.

ಐದು ಗಂಟೆಗೆ ಒಂದು ಲೋಟ ಲಿಂಬೆಹಣ್ಣಿನ ನೀರು ಅಂದೆ. ಕುಷ್ಟಗಿಯಲ್ಲಿದ್ದಾಗಿನಿಂದ, ಒಂದು ದಿನವೂ ತಪ್ಪದೆ. ಕುದಿಸಿ ಆರಿಸಿದ ನೀರಿಗೆ ಹಿಂಡುವುದರಿಂದ ಅದು ಹಸಿ ಎಂದು ನನಗೆ ಅನಿಸಿರಲೇ ಇಲ್ಲ.

"ಅವ್ವಾರೂ ತಗೋತಾರ?"

ನಾನು ಬಾಯಿ ತೆರೆಯುವ ಮೊದಲೇ ಆಕೆ ಅಂದಳು, "ಹಿಂಡಿ ಕೊಡಾಕಿ ನಾನ್ರಿ. ನಮಗ ಗೋಡಿ ಮ್ಯಾಲ ಬರದೈತಲ್ಲ."

ದೂರುವ ದನಿಯಲ್ಲ ಅದು. ಇದ್ದದ್ದನ್ನು ಹೇಳಿದ ದನಿ. ಅದಕ್ಕೇ ನನಗೆ ತಡೆದುಕೊಳ್ಳಲಾಗಲಿಲ್ಲ.

ಮಹಾಯುದ್ಧದ ದೆಸೆಯಿಂದ ವಿಟಮಿನ್ ಮಾತ್ರೆಗಳು ಬರುತ್ತಿರಲಿಲ್ಲ. ಮಾತ್ರೆ ಗಿಡದ ಮೇಲೇ ಇವೆ ಎಂದರು ಡಾಕ್ಟರು. ಲಿಂಬೆ, ಪೇರಲ, ನೆಲ್ಲಿಕಾಯಿ, ಹಸಿ ತೊಪ್ಪಲು. ಬಾವಿಗೆ ಹಾಕುವ ಕೆಂಪು ಪುಡಿಯ ಒಂದು ಪೊಟ್ಟಣ ಕೊಟ್ಟು, ಚಿಟಿಕೆಯಷ್ಟು ನೀರಿಗೆ ಹಾಕಿ ತೊಪ್ಪಲು ಅದ್ದಿಡಿ, ಆಮೇಲೆ ಕುದಿಸಿ ಆರಿಸಿದ ನೀರಿನಲ್ಲಿ ತೊಳೆಯಿರಿ ಅಂದರು. ಹೊರಡುವಾಗ ನನ್ನನ್ನು ಬಾಗಿಲ ಬಳಿ ನಿಲ್ಲಿಸಿದರು.

"ತೊಳೀರಿ, ಮಾಸ್ತರ್ ಸಾಬ್. ಎಷ್ಟ ಬೇಕಾದಷ್ಟು ತೊಳೀರಿ. ಕುದಿಸಬ್ಯಾಡ್ರಿ. ಇನ್ನ ತಡಾ ಮಾಡಿದ್ರ ದಿಲ್ ನಿಂತಬಿಡತೈತಿ."

ಮೊದಲ ಲಿಂಬೆಯನ್ನು ಚಕ್ಕಡಿಯಲ್ಲೇ ಹಿಂಡಿದೆ. ಒಡೆದ ಒಸಡಿಗೆ ಹುಳಿ ತಾಗಿ ಆಕೆ ಕಣ್ಣೀರಾದಳು. ಎರಡು ಗುಟುಕಿಗಿಂತ ಹೆಚ್ಚು ಇಳಿಯಲಿಲ್ಲ. ಪೇರಲ ಜಗಿಯಲಾಗಲಿಲ್ಲ. ಹಾಗಾದರೆ ತೊಪ್ಪಲೇ ಆಗಬೇಕು. ಕುಟ್ಟಿ, ಮೊಸರಲ್ಲಿ ಕಲಸಿದರೆ ಇಳಿದೀತು.

ಮಾರನೆಯ ಬೆಳಿಗ್ಗೆ ಹುಸೇನಬಿಗೆ ಹೇಳಿ ಕಳಿಸಿದೆ. ಬೇರು ಸಮೇತ ಕಿತ್ತ ಹಕ್ಕರಿಕೆ ತಂದಳು, ಇಬ್ಬನಿ ಇನ್ನೂ ಆರಿರಲಿಲ್ಲ. ನಾನು ಹೆಚ್ಚಿ ನೀರಿಗೆ ಹಾಕಲು ಹೊರಟೆ. ಹುಸೇನಬಿ ಕೈ ಹಿಡಿದು ತಡೆದಳು. ಹೆಚ್ಚಿ ತೊಳೆದರೆ ಸಾರವೆಲ್ಲ ನೀರಿಗೆ ಹೋಗುತ್ತದೆ, ಇಡಿಯಾಗಿ ತೊಳೆದು ಉಣ್ಣುವ ಹೊತ್ತಿಗೆ ಹೆಚ್ಚಬೇಕು ಎಂದಳು. ಓದು ಬರಹ ಇಲ್ಲದ ಆ ಹೆಂಗಸು ಡಾಕ್ಟರು ಹೇಳಿದ್ದನ್ನೇ ಹೇಳುತ್ತಿದ್ದಳು. ಕೆಂಪು ನೀರಿನಲ್ಲಿ ಅದ್ದಿಟ್ಟೆ. ಗಡಿಯಾರ ನೋಡಿದೆ. ತೆಗೆದೆ. ಎಲೆ ಎಲೆ ಬಿಡಿಸಿ ತೊಳೆದೆ. ಮತ್ತೆ ತೊಳೆದೆ.

"ಹಸುಗೂಸಿಗೆ ಎರದಂಗ ಎರೀತೀರಲ್ರಿ ಮಾಸ್ತರ. ಇನ್ನ ಲೋಬಾನ ಹಾಕೋದೊಂದ ಬಾಕಿ," ಅಂದಳು ಹುಸೇನಬಿ.

ಅಷ್ಟು ತೊಳೆದರೂ ಕೈಯಲ್ಲಿದ್ದದ್ದು ನನ್ನ ಕಣ್ಣಿಗೆ ಸೌತೆಕಾಯಿಯೇ. ಕಾಲರಾದಿಂದ ಒಬ್ಬಳನ್ನು ಕಳೆದುಕೊಂಡೆ. ಆ ಹೆದರಿಕೆಯಿಂದ ಇನ್ನೊಬ್ಬಳನ್ನು ಕಳೆದುಕೊಳ್ಳುವ ಅಂಚಿಗೆ ಬಂದಿದ್ದೆ. ಹಸಿ ಕೊಟ್ಟರೆ ಏನಾದೀತೋ, ಕೊಡದಿದ್ದರೆ ಏನಾಗುತ್ತದೆಂದು ಡಾಕ್ಟರು ಹೇಳಿದ್ದಾರೆ. ಹೊಸ್ತಿಲ ಹೊರಗೆ ಬೋಗುಣಿ ಹಿಡಿದು ಎಷ್ಟು ಹೊತ್ತು ನಿಂತೆನೋ. ಬಾಗಿಲ ಮರೆಯಿಂದ ನೀಲವ್ವನ ದನಿ ಬಂತು. ಸೊಸೆ ನನ್ನೆದುರು ಬಂದು ಮಾತಾಡುವವಳಲ್ಲ.

"ಮಾವಾರ, ಒಂದ ಮಾತ ಹೇಳ್ತೀನ್ರಿ, ಸಿಟ್ಟಾಗಬ್ಯಾಡ್ರಿ. ಇವರೂ ನಾನೂ ಹೊಲದಾಗ ದಿನಾ ತಿಂತೀವ್ರಿ. ಹಕ್ಕರಿಕಿ, ಮೂಲಂಗಿ, ಪೇರಲ ಹಣ್ಣ... ನಾಕ ವರ್ಷ ಆತ್ರಿ. ಏನೂ ಆಗಿಲ್ರಿ. ಅತ್ತಿಯವರಿಗೂ ಕೊಟ್ಟಿದ್ನಿ. ಅವರ ಒಲ್ಲೆ ಅಂದ್ರು."

ನನ್ನ ಕಟ್ಟಳೆಯನ್ನು ಎಲ್ಲರೂ ಮುರಿದಿದ್ದರು. ನಾನೂ, ದಿನಾ ಬೆಳಿಗ್ಗೆ ಐದಕ್ಕೆ, ಗೊತ್ತಿಲ್ಲದೆ.

ಪಾಲಿಸಿದವಳು ಒಬ್ಬಳೇ.

ಬೋಗುಣಿ ಹಿಡಿದು ಒಳಗೆ ಹೋದೆ. ಮದುವೆಯಾಗಿ ನಲವತ್ತು ವರ್ಷದಲ್ಲಿ ಆಕೆಗೆ ನಾನು ಏನನ್ನೂ ಬಡಿಸಿದವನಲ್ಲ. ಆಕೆ ನೋಡಿ ಮುಖ ತಿರುಗಿಸಿದಳು. ಶಾರವ್ವನ ಹೆಸರಿನ ಆಣೆ ಇದೆ ಅಂದಳು. ಹಾಕಿದವನು ನಾನು, ನಾನೇ ತೆಗೆದೆ ಅಂದೆ. ಆಣೆಯೇನು ಹಲಗೆಯ ಮೇಲಿನ ಲೆಕ್ಕವೇ, ಒರೆಸಿದರೆ ಹೋಗಲು ಅಂದಳು.

"ನಿಮಗ ಅಂಜಿಕಿ ಹೋಗಿಲ್ಲ. ಬೋಗುಣಿ ಇನ್ನೂ ಎದಿಗೆ ಅವಚಿ ಹಿಡದೀರಿ. ಮೊದಲ ನೀವು ತಿನ್ರಿ."

ಬೋಗುಣಿ ಕೆಳಗಿಟ್ಟೆ. ನಾಲ್ಕು ವರ್ಷದ ಮೇಲೆ ಒಂದು ಹಸಿ ಎಲೆಯನ್ನು ಬಾಯಿಗಿಟ್ಟುಕೊಂಡೆ. ಎಳೆಯ ಹಕ್ಕರಿಕೆಗೆ ಮೊದಲು ಸಣ್ಣ ಕಹಿ, ಆಮೇಲೆ ತಂಪು. ನುಂಗುವಾಗ ಮಗಳು ಕಣ್ಣಿಗೆ ಕಟ್ಟಿದಳು. ಉಪ್ಪು ಹಚ್ಚಿದ ಬೆರಳು ನೆಕ್ಕುತ್ತಿದ್ದವಳು. ಗಂಗವ್ವ ನನ್ನನ್ನೇ ನೋಡುತ್ತಿದ್ದಳು.

"ಆತು ಕೊಡ್ರಿ. ಹೋದ್ರ ಇಬ್ರೂ ಕೂಡೇ ಹೋಗೂಣು."

ನೀಲವ್ವ ಕುಟ್ಟಿ ಮೊಸರಲ್ಲಿ ಕಲಸಿ ಪಚಡಿ ಮಾಡಿ ಕೊಟ್ಟಳು. ಐದು ಚಮಚ. ಆಗ ಗಡಿಯಾರದಲ್ಲಿ ಒಂಬತ್ತೂ ಹತ್ತು.

ಆ ಹಗಲು ಎಂದಾದರೂ ಮುಗಿಯುವುದೆಂದು ನನಗೆ ಅನಿಸಿರಲಿಲ್ಲ. ಅರ್ಧ ತಾಸಿಗೊಮ್ಮೆ ಒಳಗೆ ಹೋದೆ. ಹೊಟ್ಟೆ ತೊಳಸುತ್ತದೆಯೇ? ಇಲ್ಲ. ನುಲಿಯುತ್ತದೆಯೇ? ಇಲ್ಲ. ಹನ್ನೊಂದರ ಊಟ ಬೇಡವೆಂದೆ. ಕಟ್ಟೆಗೆ ಹೋದೆ, ಮೂರು ಹೆಜ್ಜೆಗೆ ತಿರುಗಿ ಬಂದೆ. ನನ್ನ ಹೊಟ್ಟೆ ಒಮ್ಮೆ ಗುಡುಗಿತು. ಅದು ಹಸಿವೆಂದು ತಿಳಿಯಲೂ ಹೊತ್ತು ಹಿಡಿಯಿತು. ಮಧ್ಯಾಹ್ನ ದಾಟಿತು. ನಾಲ್ಕಕ್ಕೆ ಮತ್ತೆ ಬಾಗಿಲಲ್ಲಿ ನಿಂತೆ. ನಾನು ಕೇಳುವ ಮೊದಲೇ ಆಕೆ ಅಂದಳು.

"ಹೊಟ್ಟಿಗೆ ಏನಾಗೈತಿ ಹೇಳ್ಲೆನ್ರಿ? ಹಸದೈತಿ. ಆ ಗಡಿಯಾರ ಒಳಗಿಟ್ಟು ಇನ್ನೊಂದೀಟು ಪಚಡಿ ತಗೊಂಡ ಬರ್ರಿ."

ನಾಲ್ಕನೆಯ ದಿನ ಒಸಡಿನ ರಕ್ತ ನಿಂತಿತು. ವಾರಕ್ಕೆ ಬಣ್ಣ ತಿಳಿಯಾಯಿತು. ಎರಡನೆಯ ವಾರ ಗೋಡೆ ಹಿಡಿದು ಹಿತ್ತಲವರೆಗೆ ನಡೆದಳು. ಅಲುಗುತ್ತಿದ್ದ ಹಲ್ಲು ಮಾತ್ರ ಉಳಿಯಲಿಲ್ಲ. ಮೊಣಕಾಲು ಇನ್ನೂ ಹಿಡಿಯುತ್ತದೆ. ಡಾಕ್ಟರು ಎರಡನೆಯ ಸಲ ನೋಡಿ ಪಾರಾದಿರಿ ಅಂದರು, ಆದರೂ ಮೂರು ತಿಂಗಳು ಬಿಡದೆ ನಡೆಸಿ ಅಂದರು. ಅವರಿಗೂ ಹುಸೇನಬಿಗೂ ನಾನು ಋಣಿ. ಹುಸೇನಬಿಗೆ ಹಾಗೆಂದು ಹೇಳಿದೆ. ಮಾತು ಬೇಡ, ಮೂಲಂಗಿಯ ತೊಪ್ಪಲು ತಿಪ್ಪೆಗೆ ಎಸೆಯುವುದನ್ನು ಬಿಡಿ ಅಂದಳು.

ಈಗ ಎಸೆಯುವುದಿಲ್ಲ. ಪುಂಡಿಪಲ್ಯ ಬೇಯಿಸುವಾಗ ಮುಚ್ಚಳ ಹಾಕುತ್ತಾರೆ, ನೀರು ಕಡಿಮೆ, ಎಲೆ ಮೆತ್ತಗಾದ ಕೂಡಲೆ ಇಳಿಸುತ್ತಾರೆ. ಬಸಿದ ನೀರು ಸಾರಿಗೆ ಹೋಗುತ್ತದೆ. ಗಡಿಗೆ ಇಳಿಸಿದ ಮೇಲೆ ಲಿಂಬೆ ಹಿಂಡುತ್ತಾರೆ. ತೊಪ್ಪಲು ತೊಳೆಯುವ ಕೆಲಸ ನನ್ನದು. ಅದನ್ನು ಬೇರೆಯವರಿಗೆ ಬಿಡಲು ನನಗಿನ್ನೂ ಧೈರ್ಯವಿಲ್ಲ. ಮಳೆಗಾಲದಲ್ಲಿ ಮತ್ತೆ ಕಾಲರಾ ಸುದ್ದಿ ಬಂದರೆ ಏನು ಮಾಡಲಿ ಎಂದು ಈಗಲೇ ಲೆಕ್ಕ ಹಾಕುತ್ತಿರುತ್ತೇನೆ.

ಯುಗಾದಿಗೆ ಗೋಡೆಗೆ ಸುಣ್ಣ ಬಳಿದೆವು. ಹಳೆಯ ಅಕ್ಷರ ಹೋದವು. ಸುಣ್ಣ ಒಣಗಿದ ಮೇಲೆ ಹೊಸ ಕಟ್ಟಳೆ ಬರೆಯೋಣವೆಂದು ನೀಲಿ ಸೀಮೆಸುಣ್ಣ ಹಿಡಿದೆ. ಮೊದಲು ತೊಳೆಯುವುದು, ಆಮೇಲೆ ಹೆಚ್ಚುವುದು, ಹೀಗೆ ತಲೆಯಲ್ಲಿ ಜೋಡಿಸಿಕೊಂಡಿದ್ದೆ. ಗಂಗವ್ವ ಒಲೆಯ ಮುಂದಿನಿಂದ ನೋಡಿದಳು.

"ಬರೀಬ್ಯಾಡ್ರಿ. ನೀವು ಬರದ್ರ ನಾ ಮತ್ತ ಹಂಗ ನಡಕೋತೀನಿ. ಕೇಳ್ರಿ ಸಾಕು."

"ಏನ ಕೇಳ್ಲಿ?"

"ನೀ ಏನ ಉಂಡಿ ಅಂತ."

ಸೀಮೆಸುಣ್ಣ ಕಿಸೆಗೆ ಹಾಕಿಕೊಂಡೆ. ಈಗ ಬೆಳಿಗ್ಗೆ ಐದಕ್ಕೆ ಲಿಂಬೆ ಹಿಂಡುವವನು ನಾನು, ಎರಡು ಲೋಟಕ್ಕೆ. ಹನ್ನೊಂದಕ್ಕೆ ನನ್ನ ಊಟವಾದ ಮೇಲೆ ಜಗಲಿಗೆ ಹೋಗುವುದಿಲ್ಲ. ಆಕೆ ಉಂಡು ಏಳುವವರೆಗೆ ಅಡುಗೆಮನೆಯ ಹೊಸ್ತಿಲ ಮೇಲೆ ಇರುತ್ತೇನೆ. ಏನುಂಡಿ ಎಂದು ಕೇಳುತ್ತೇನೆ. ಕೆಲವು ದಿನ ಹೇಳುತ್ತಾಳೆ. ಕೆಲವು ದಿನ ಕಚ್ಚಿದ ರೊಟ್ಟಿಯನ್ನೇ ಎತ್ತಿ ನನ್ನ ಕಡೆ ತಿರುಗಿಸಿ ಹಿಡಿಯುತ್ತಾಳೆ. ಅಂಚಿನಲ್ಲಿ ಒಂದು ಹಲ್ಲಿನ ಗುರುತು ಕಡಿಮೆ. ಬೇರೇನೂ ಇಲ್ಲ.