ಮೂಟೆಗೆ ಹಾಕದ ಕೈ

ಅವರ ಬಲಗೈ ಮೊಣಕೈವರೆಗೂ ಕಂದುಬಣ್ಣ. ಎಡಗೈ ಎಲ್ಲರ ಕೈಯಂತೆಯೇ ಇತ್ತು. ಪಿರಿಯಾಪಟ್ಟಣದ ನಮ್ಮ ಬೀದಿಯ ಬ್ಯಾಂಕಿನಲ್ಲಿ ಅವರು ಉಗ್ರಾಣ ನೋಡಿಕೊಳ್ಳುತ್ತಿದ್ದರು. ಸಾಲ ಬೇಕಾದ ವ್ಯಾಪಾರಿ ಹೊಗೆಸೊಪ್ಪಿನ ಮೂಟೆಗಳನ್ನು ಅಲ್ಲಿ ಅಡವಿಡಬೇಕು. ಇವರು ಮೂಟೆಯ ಹೊಟ್ಟೆಗೆ ಕೈ ತೂರಿಸಿ, ನಡುವಿನ ಸೊಪ್ಪು ಎಳೆದು, ಮೂಸಿ, ಹೂಂ ಅಂದ ಮೇಲೇ ದುಡ್ಡು. ಸೋಪು ಸೀಗೆಪುಡಿ ಯಾವುದಕ್ಕೂ ಆ ಬಣ್ಣ ಬಗ್ಗಲಿಲ್ಲ. ಆ ಕೈಯ ಘಾಟಿಗೆ ಸೀನು ಬರುತ್ತದೆಂದು ಅವರ ಹೆಂಡತಿ ಬಡಿಸಿದ ಕೂಡಲೇ ದೂರ ಹೋಗಿ ಕೂರುತ್ತಿದ್ದರು. ಪಕ್ಕದ ಮನೆಯ ನಮಗೆ ಅವರು ಉಗ್ರಾಣದ ಮಾವ.

"ಮ್ಯಾಲಿನ ಸೊಪ್ಪು ಮದುವೆ ಹೆಣ್ಣು ಕಣವ್ವ, ಸಿಂಗಾರ ಮಾಡ್ಕಂಡಿರ್ತದೆ. ಒಳಗಿಂದು ನೋಡ್ಬೇಕು" ಎನ್ನುತ್ತಿದ್ದರು.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಕಂಪಲಾಪುರದ ಹತ್ತಿರ ಇದ್ದ ಹೊಲ ಮಾರಿದಳು. ನಾನು ಮೈಸೂರಿನಲ್ಲಿ ಟೀಚರ್ ಟ್ರೈನಿಂಗ್ ಮಾಡಬೇಕೆಂಬುದು ಅವಳ ಹಟ. ಹಣ ಬ್ಯಾಂಕಿನಲ್ಲಿಡಲೇ ಎಂದು ಮಾವನನ್ನು ಕೇಳಿದಳು. ಬ್ಯಾಂಕಿನ ಸಾಲವೆಲ್ಲ ಆ ಮೂಟೆಗಳ ಮೇಲೇ ನಿಂತಿದೆಯಲ್ಲ, ಎಲ್ಲದಕ್ಕೂ ನೀವೇ ಕೈ ಹಾಕಿದ್ದೀರಾ ಎಂದೂ ಕೇಳಿದಳು. ಅವರು ಎಲೆಅಡಿಕೆ ಜಗಿಯುವುದನ್ನು ಒಂದು ಗಳಿಗೆ ನಿಲ್ಲಿಸಿದರು.

"ಆಕಿವ್ನಿ ಕಣವ್ವ. ಧೈರ್ಯವಾಗಿ ಮಡಗು."

ಹಾಕಿರಲಿಲ್ಲ. ಬ್ಯಾಂಕಿನ ಚೇರ್ಮನ್ನರ ಮೂಟೆಗೂ ಅವರ ಅಳಿಯಂದಿರ ಮೂಟೆಗೂ ಮಾವ ಒಮ್ಮೆಯೂ ಕೈ ಹಾಕಿರಲಿಲ್ಲ. ನಮ್ಮ ಕಡೆ ನ್ಯಾಯ ಹೇಳುವ ಹಿರಿಯರ ಮೂಟೆಗೆ ಕೈ ತೂರಿಸುವುದೆಂದರೆ ಉಣ್ಣಲು ಕೂತ ಬೀಗರ ಕುಲ ಕೇಳಿದ ಹಾಗೆ. ಮಾವನ ಮನೆಯ ಪಾಲಿನ ಜಗಳ ಬಿಡಿಸಿದವರೂ ಆ ಚೇರ್ಮನ್ನರೇ. ಅವರ ಗಾಡಿ ಬಂದರೆ ಮಾವ ಚಪ್ಪಲಿ ಬಿಟ್ಟು ನಿಂತು, ಮೂಟೆ ಇಳಿಸಿಕೊಂಡು ಬೀಗ ಹಾಕುತ್ತಿದ್ದರು. ಎಂಥಾ ಮರ್ಯಾದೆಯೋ! ಈಗಲೂ ನೆನೆದರೆ ನನಗೆ ಮೈ ಉರಿಯುತ್ತದೆ.

ಒಂದು ಸೋಮವಾರ ಬ್ಯಾಂಕಿನ ಬಾಗಿಲು ತೆರೆಯಲಿಲ್ಲ. ಕೊಟ್ಟ ಸಾಲ ವಾಪಸು ಬಾರದೆ ಬ್ಯಾಂಕು ಮುಳುಗಿತ್ತು. ಕೆಲವು ವಾರದ ಮೇಲೆ, ಉಳಿದದ್ದನ್ನು ಮಾರಿ ಹಣ ಹಂಚಲು ಕೋರ್ಟು ನೇಮಿಸಿದ ರಿಸೀವರು ಮೈಸೂರಿನಿಂದ ಬಂದು ಉಗ್ರಾಣ ತೆಗೆಸಿದರು. ಹಣ ಇಟ್ಟವರೆಲ್ಲ ಬಾಗಿಲಲ್ಲಿ ನಿಂತಿದ್ದೆವು. ರಿಸೀವರು ಚೇರ್ಮನ್ನರ ಮೂಟೆಯೊಂದನ್ನು ತೋರಿಸಿದರು. ಮಾವ ಕೈ ಹಾಕಿದರು. ಮೇಲಿನ ಸೊಪ್ಪು ದಾಟಿದ್ದೇ ಕೈಗೆ ಬಂದದ್ದು ರಾಗಿಹುಲ್ಲು. ಇನ್ನೊಂದು ಮೂಟೆಯಲ್ಲೂ ಹುಲ್ಲೇ.

ಬ್ಯಾಂಕಿನ ಮ್ಯಾನೇಜರು ಮಾವನ ಕಿವಿಯ ಬಳಿ ಬಗ್ಗಿದರು. ಯಾರೋ ಹೆಂಚು ತೆಗೆದು ಇಳಿದು ಬದಲಾಯಿಸಿದ್ದಾರೆ ಅಂದುಬಿಡಿ ಎಂದದ್ದು ನನಗೂ ಕೇಳಿಸಿತು. ಹಾಗೆಂದಿದ್ದರೆ ಚೇರ್ಮನ್ನರೂ ಉಳಿಯುತ್ತಿದ್ದರು, ಮಾವನೂ ಉಳಿಯುತ್ತಿದ್ದರು. ಮಾವ ಅಮ್ಮನ ಕಡೆ ನೋಡಿದರು.

"ಇವ್ರ ಮೂಟೆಗೆ ನಾನ್ ಯಾವತ್ತೂ ಕೈ ಆಕ್ಲಿಲ್ಲ ಸ್ವಾಮಿ. ದೊಡ್ಡೋರು ಅಂತ ಸುಮ್ಕಾದೆ. ಈ ತಾಯಿಗೂ ಸುಳ್ಳು ಏಳ್ದೆ."

ಆ ಮಾತಿನ ಮೇಲೆ ಚೇರ್ಮನ್ನರ ಗದ್ದೆ ಜಪ್ತಿಯಾಯಿತು. ಮಿಕ್ಕದ್ದನ್ನು ಅವರು ಮೊದಲೇ ಹೆಂಡತಿಯ ಹೆಸರಿಗೆ ಮಾಡಿಟ್ಟಿದ್ದರು. ಆ ಗದ್ದೆ ಮಾರಿದ್ದರಲ್ಲಿ ಹಣ ಇಟ್ಟವರಿಗೆ ರೂಪಾಯಿಗೆ ಮೂರಾಣೆ ಬಂತು. ಮಾವನಿಗೆ ಜೈಲಾಯಿತು.

ತಿರುಗಿ ಬಂದಾಗ ಊರು ಅವರನ್ನು ಎರಡು ಕಡೆಯಿಂದ ಬೈಯಿತು. ದುಡ್ಡು ಕಳಕೊಂಡವರು ಸುಳ್ಳುಗಾರ ಅಂದರು, ಚೇರ್ಮನ್ನರ ಕಡೆಯವರು ಉಂಡ ಮನೆಗೆ ಎರಡು ಬಗೆದವನು ಅಂದರು. ಕೂಲಿಗೂ ಯಾರೂ ಕರೆಯಲಿಲ್ಲ. ಅಮ್ಮ ಮಾತು ಬಿಟ್ಟಳು. ನಡುವೆ ಇದ್ದದ್ದು ಒಂದೇ ಗೋಡೆ, ಅವರ ಕೆಮ್ಮು ನಮಗೆ ಕೇಳುತ್ತಿತ್ತು. ಆ ಮೂರಾಣೆ ಹಣದಲ್ಲೇ ನಾನು ಮೈಸೂರಿಗೆ ಹೋದೆ. ಸಾಲದೆ ಬಂದದ್ದಕ್ಕೆ ಅಮ್ಮ ಕಂಡವರ ಮನೆಯಲ್ಲಿ ರಾಗಿ ಬೀಸಿದಳು.

ಮಾವ ಸತ್ತಾಗ ನನಗೆ ಕೆಲಸ ಸಿಕ್ಕಿತ್ತು, ರಜೆಗೆ ಬಂದಿದ್ದೆ. ಅಮ್ಮ ಮೊರದಿಂದ ತಲೆ ಎತ್ತಲಿಲ್ಲ.

"ನಾನ್ ಬರಾಕಿಲ್ಲ. ಆ ಮೂರಾಣೆ ಉಂಡೋಳು ನೀನು, ನೀನು ಓಗು."

ಹೋದೆ. ಮಾವನನ್ನು ಜಗಲಿಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಮೈಗೆಲ್ಲ ವಿಭೂತಿ ಬಳಿದಿದ್ದರು. ಬಲಗೈಯಲ್ಲಿ ಮಾತ್ರ ಅದರಡಿಯ ಕಂದು ಕಾಣುತ್ತಿತ್ತು. ಹೊರಲು ಜನ ಸಾಲದೆ ಸಂಜೆಯವರೆಗೂ ಹಾಗೇ ಇಟ್ಟಿದ್ದರು. ಅಷ್ಟು ಹೊತ್ತೂ ನಾನು ಆ ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂತಿದ್ದೆ.