ಬಸಣ್ಣನ ಚರ್ಮದ ನಮೂನಾ

ಗೆಳೆಯರೇ, ಇಂದು ಉಮರ್ಗಾದ ನಮ್ಮ ದವಾಖಾನೆಯಲ್ಲಿ ಬೆರಳುಗುರಿನಷ್ಟು ಚರ್ಮಕ್ಕಾಗಿ ಅರ್ಧ ತಾಸು ಚೌಕಾಸಿ ನಡೆಯಿತು.

ಗುಂಜೋಟಿಯ ರೈತ ಬಸಣ್ಣನ ಮುಂಗೈ ಮೇಲೆ ಬಿಳಿಚಿದ ಮಚ್ಚೆ ಎದ್ದಿದೆ. ಕುಷ್ಠವೋ ಅಲ್ಲವೋ ತಿಳಿಯಲು ಚೂರು ಚರ್ಮ ಕತ್ತರಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಲು ಹೈದರಾಬಾದಿಗೆ ಕಳಿಸಬೇಕು. ವರದಿ ಬರುವವರೆಗೆ ನಿಲಂಗಾದ ಬೀಗರು ಅವನ ಮಗಳ ಮದುವೆಯನ್ನೇ ತಡೆದಿದ್ದಾರೆ.

ನಾನು ಮಚ್ಚೆಯ ಮೇಲೆ ಬ್ಲೇಡು ಇಡುವಷ್ಟರಲ್ಲಿ ಕೈ ಎಳೆದುಕೊಂಡ.

"ಡಾಕ್ಟರ್ ಸಾಹೇಬ್ರ, ನಮೂನಾ ಪರೂರಿಗಿ ಹೋಗ್ತದ. ಕೆಟ್ಟದ್ದು ಯಾಕ ಕಳಸ್ತೀರಿ? ಮಚ್ಚಿ ಇಲ್ಲದ ಈ ಕಡಿ ಚರ್ಮ ನೋಡ್ರಿ, ಎಷ್ಟು ಛಂದ ಅದ!"

"ಬಸಣ್ಣಾ, ಅದು ಯಾಕ ಕೆಟ್ಟದ ಅಂತ ನೋಡ್ಲಿಕ್ಕೇ ಕಳಸೋದು."

"ಹುಳಾ ಹತ್ತಿದ ಜೋಳ ಅಡತಿ ಅಂಗಡ್ಯಾಗ ಯಾರರ ತೋರಸ್ತಾರೇನ್ರಿ? ರಜಾಕಾರರ ಗದ್ದಲದಾಗ ಸುದ್ದಾ ನಾ ಇಷ್ಟು ಅಂಜಿದ್ದಿಲ್ಲ. ವರದಿ ಕೆಟ್ಟದ್ದು ಬಂದ್ರ ಬೀಗರು ಹೋದ್ರಂತ ತಿಳೀರಿ!"

ಕೊನೆಗೆ ಮಚ್ಚೆಯ ಅಂಚಿನಲ್ಲಿ ಕತ್ತರಿಸುತ್ತೇನೆ, ಜೊತೆಗೆ ಒಂದಿಷ್ಟು ಒಳ್ಳೆಯ ಚರ್ಮವೂ ಬರುತ್ತದೆ ಎಂದೆ. ಮುಖ ಅರಳಿತು. ತಾನೇ ಕೈ ಮುಂದೆ ಚಾಚಿದ. ಚೂರು ಶೀಶೆಗೆ ಬಿದ್ದ ಮೇಲೆ ನನ್ನ ಕಿವಿಯ ಹತ್ತಿರ ಬಾಗಿದ.

"ಚಲೋದು ಮ್ಯಾಲ ಬರೋ ಹಂಗ ಇಡ್ರಿ ಸಾಹೇಬ್ರ. ದುರ್ಬೀನ ಹಚ್ಚಿ ನೋಡಾಂವ ಮ್ಯಾಲಿಂದೇ ನೋಡ್ತಾನಲ್ಲ?"

ಹೋದ ವಾರ ನಾನು ಒಂದು ಚೀಲ ಜೋಳ ಕೊಂಡದ್ದು ಇದೇ ಬಸಣ್ಣನಿಂದ. ಈಗ ಮನೆಗೆ ಹೋಗಿ ತಳದವರೆಗೂ ಸುರಿದು ನೋಡಬೇಕು.