ಗೋಡೆಯನ್ನು ಕೇಳಿದ ಮೇಸ್ತ್ರಿ

ಮೂವತ್ತೊಂದು ವರ್ಷ ಊರಿಗೆಲ್ಲ ಗೋಡೆ ಎಬ್ಬಿಸಿದ ಗಾರೆ ಮೇಸ್ತ್ರಿಗೆ ತನ್ನದೆನ್ನುವ ನಾಲ್ಕು ಗೋಡೆ ಸಿಕ್ಕಿದ್ದು ಐವತ್ತೆರಡನೇ ವಯಸ್ಸಿನಲ್ಲಿ. ಕಟ್ಟುವವನಿಗೆ ಮನೆಯಿಲ್ಲ, ಮನೆಯಿರುವವನಿಗೆ ಇಟ್ಟಿಗೆಯ ತೂಕ ಗೊತ್ತಿಲ್ಲ. ಇದನ್ನು ಕಟ್ಟಡ ಕೆಲಸಗಾರರ ಸಂಘದ ನಾವು ಬೀದಿಯಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿದ್ದೇವೆ. ಮೇಸ್ತ್ರಿಯೂ ಕೂಗಿದ್ದಾನೆ. ಕೂಗಿ, ಬಾವುಟ ಸುತ್ತಿಟ್ಟು, ಸಂಜೆ ಬಾಡಿಗೆ ಮನೆಗೆ ಹೋಗಿದ್ದಾನೆ.

ಅಂಥ ಬಾಡಿಗೆ ಮನೆಗಳು ಹನ್ನೊಂದು. ಅವನ ಹೆಂಡತಿಗೆ ಆ ಮನೆಗಳು ಅಷ್ಟಾಗಿ ನೆನಪಿಲ್ಲ, ಪಕ್ಕದ ಮನೆಯವರೆಲ್ಲ ನೆನಪಿದ್ದಾರೆ. ಒಬ್ಬಳ ಜೊತೆ ಮಾತು ಹದಕ್ಕೆ ಬರುವ ಹೊತ್ತಿಗೆ ಸರಿಯಾಗಿ ಮಾಲೀಕ ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದ. ಇವರು ಗಂಟುಮೂಟೆ ಕಟ್ಟುತ್ತಿದ್ದರು. ಹಾಗಾಗಿ ಮನೆ ಕೊಳ್ಳಲು ಹೊರಟಾಗ ಗಂಡ ಗೋಡೆ ನೋಡಿದ, ಹೆಂಡತಿ ಅಂಗಳ ನೋಡಿದಳು.

ಕೊನೆಗೆ ಒಪ್ಪಿಗೆಯಾದದ್ದು ಎಂಟು ಮನೆಗಳ ಹಳೆಯ ಸಾಲಿನಲ್ಲಿ ಮೂರನೆಯದು. ಎಂಟಕ್ಕೂ ಸೇರಿ ಒಂದೇ ಅಂಗಳ, ಒಂದು ನಲ್ಲಿ, ಒಂದು ಕಲ್ಲುಬೆಂಚು. ಭಾನುವಾರ ಸಂಜೆ ಬೆಂಚು ಸಾಲದೆ ಎಲ್ಲರೂ ಮನೆಯಿಂದ ಕುರ್ಚಿ ತಂದು ಹಾಕಿಕೊಳ್ಳುತ್ತಿದ್ದರು. ಅದನ್ನು ನೋಡಿದ ದಿನವೇ ಅವಳು ಮನಸ್ಸಿನಲ್ಲಿ ತನ್ನ ಕುರ್ಚಿಗೊಂದು ಜಾಗ ಹಿಡಿದಿಟ್ಟಿದ್ದಳು. ಹೊಸ ಮನೆ ಯಾಕೆ ತಗೊಳ್ಳಲಿಲ್ಲ ಎಂದು ನಾನು ಕೇಳಿದ್ದಕ್ಕೆ ಮೇಸ್ತ್ರಿ, "ಹೊಸದನ್ನೆಲ್ಲ ಕಟ್ಟಿದ್ದು ನಾವೇ ಅಲ್ವಾ, ಅದಕ್ಕೇ" ಎಂದ.

ಅವನಿಗೊಂದು ಚಾಳಿಯಿತ್ತು. ಯಾರ ಮನೆಗೆ ಹೋಗಲಿ, ಕೂರುವ ಮೊದಲು ಬೆರಳ ಗೆಣ್ಣಿನಿಂದ ಗೋಡೆ ಬಡಿಯುತ್ತಿದ್ದ. ಟಣ್ ಎಂದರೆ ಗಟ್ಟಿ, ಡಬ್ ಎಂದರೆ ಪೊಳ್ಳು. ಕೊಳ್ಳುವ ಮುಂಚೆ ಈ ಮನೆಯನ್ನೂ ಅಡಿಯಡಿಗೆ ಬಡಿದಿದ್ದ. ಹಳೆಯ ಮಾಲೀಕ ಬಿಟ್ಟುಹೋದ ಕಬ್ಬಿಣದ ಬೀರು ನಿಂತ ಜಾಗವೊಂದನ್ನು ಬಿಟ್ಟು.

"ನೋಡಿ, ಇಲ್ಲಿ ನಿಮ್ಮ ಬೆರಳು ಜೇಬಲ್ಲಿರ್ಲಿ," ಎಂದು ಹೆಂಡತಿ ಮೊದಲ ದಿನವೇ ಹೇಳಿದ್ದಳು. "ನಾವು ಇನ್ನು ಇಲ್ಲೇ ಸಾಯೋರು."

"ಅಯ್ಯೋ, ನಾನೇನು ಚಿಕ್ಕ ಮಗುನೇನೇ?"

ನಾಲ್ಕನೇ ದಿನ ಪಕ್ಕದ ಮನೆಯ ಟೀಚರಮ್ಮ ಇಬ್ಬರನ್ನೂ ಚಹಾಕ್ಕೆ ಕರೆದರು. ನಿವೃತ್ತರು, ಒಂಟಿ, ಮಾತು ಕಡಿಮೆ. ಅವರು ಒಳಗೆ ಲೋಟ ಜೋಡಿಸುತ್ತಿದ್ದಾಗ ಮೇಸ್ತ್ರಿಯ ಕೈ ತನಗೆ ತಾನೇ ಗೋಡೆಗೆ ಹೋಯಿತು. ಮಂಚದ ತಲೆಯ ಕಡೆ, ಎರಡೂ ಮನೆಗೆ ಸೇರಿದ ಗೋಡೆ. ಟಣ್, ಟಣ್, ಡಬ್.

"ಟೀಚರೇ, ಈ ಗೋಡೆ ಪೊಳ್ಳು! ಕಟ್ಟಿದವನು ಸರಿಯಾಗಿ ಟೋಪಿ ಹಾಕಿದಾನೆ. ಇದರ ಬುಡದಲ್ಲಿ ಮಲಗ್ತೀರಾ? ಯಾವತ್ತಾದ್ರೂ ಮೈಮೇಲೆ ಬರುತ್ತೆ."

ಹೆಂಡತಿ ಕಣ್ಣು ಬಿಟ್ಟಳು. ತಡವಾಗಿತ್ತು. ಟೀಚರಮ್ಮ ಆಗಲೇ ಚಹಾ ಹಿಡಿದು ಬಂದು ಮಂಚದ ಕಡೆ ನೋಡುತ್ತಿದ್ದರು.

ಮರುದಿನ ಟೀಚರಮ್ಮ ಮಂಚ ಎಳೆದು ಅಡುಗೆಮನೆಗೆ ಹಾಕಿಕೊಂಡರು. ಸುದ್ದಿ ಸಾಲಿನ ಉದ್ದಕ್ಕೂ ಹೋಯಿತು. ಎಲ್ಲರೂ ತಮ್ಮ ತಮ್ಮ ಗೋಡೆ ಬಡಿದು ನೋಡತೊಡಗಿದರು. ಬಡಿಯಲು ಬಾರದವನಿಗೆ ಎಲ್ಲವೂ ಡಬ್ ಎಂದೇ ಕೇಳುತ್ತದೆ. ಬಸ್ ಡ್ರೈವರ್ ಹೆಂಡತಿಗೆ ಎರಡು ದಿನ ನಿದ್ದೆಯಿಲ್ಲ. ಡ್ರೈವರ್ ನಲ್ಲಿ ಹತ್ತಿರ ನಿಂತು, ಕೇಳಬೇಕಾದವರಿಗೆ ಕೇಳುವಷ್ಟು ಜೋರಾಗಿ ಹೇಳಿದ: "ಬಂದು ಎಂಟು ದಿನ ಆಗಿಲ್ಲ, ನಲವತ್ತು ವರ್ಷದ ಮನೆಗೆ ಕಾಯಿಲೆ ಹಚ್ಚಿದ ನೋಡು, ಗೋಡೆ ಡಾಕ್ಟ್ರು!"

ಭಾನುವಾರ ಕುರ್ಚಿಗಳು ಹೊರಗೆ ಬಂದವು. ಮೇಸ್ತ್ರಿಯ ಹೆಂಡತಿಯನ್ನು ಯಾರೂ ಬನ್ನಿ ಎನ್ನಲಿಲ್ಲ. ಅವಳು ಹೊಸ್ತಿಲಲ್ಲೇ ಕೂತು ಬೇಳೆ ಆರಿಸಿದಳು. ಬೆಳಿಗ್ಗೆಯೇ ಆರಿಸಿಟ್ಟಿದ್ದ ಬೇಳೆ ಅದು. ಗಂಡನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

"ಹನ್ನೆರಡನೇ ಮನೆ," ಎಂದಷ್ಟೇ ಅಂದಳು.

ಆ ಮಾತು ಮೇಸ್ತ್ರಿಗೆ ನಾಟಿತು. ಸೀದಾ ಅಂಗಳಕ್ಕೆ ಹೋಗಿ, "ಟೀಚರೇ, ನನ್ನ ಕಡೆಯಿಂದ ಗೋಡೆ ಒಡೆದು ತೋರಿಸ್ತೀನಿ. ಪೊಳ್ಳಿದ್ರೆ ಗಟ್ಟಿ ಮಾಡ್ತೀನಿ. ಇಲ್ದಿದ್ರೆ ಎಲ್ಲರೆದುರು ತಪ್ಪಾಯ್ತು ಅಂತೀನಿ," ಎಂದ.

"ಒಡೀರಿ," ಎಂದರು ಟೀಚರಮ್ಮ. "ಅಡುಗೆಮನೇಲಿ ಮಲಗಿ ನನ್ನ ಸೊಂಟ ಹಿಡ್ಕೊಂಡಿದೆ."

ಮನೆ ನೋಡಲು ಬನ್ನಿ ಎಂದು ಕರೆದಾಗ ಒಬ್ಬರೂ ಬಂದಿರಲಿಲ್ಲ. ಗೋಡೆ ಒಡೆಯುವುದನ್ನು ನೋಡಲು ಏಳು ಮನೆಯವರೂ ಬಂದರು. ಡ್ರೈವರ್ ಮೇಸ್ತ್ರಿಯ ಜೊತೆ ಸೇರಿ ಬೀರು ಸರಿಸಿದ. ಮೇಸ್ತ್ರಿ ಉಳಿಗೆ ಸುತ್ತಿಗೆಯಿಂದ ನಾಲ್ಕು ಪೆಟ್ಟು ಹಾಕಿದ. ಗಾರೆ ಹಪ್ಪಳದಂತೆ ಎದ್ದುಬಂತು. ಒಳಗೆ ಆಳಗಲಕ್ಕೆ ಒಂದೇ ಇಟ್ಟಿಗೆ ದಪ್ಪದ ತೆಳುಗೋಡೆ, ಅದರ ಎರಡೂ ಪಕ್ಕ ಮರ, ಮೇಲೆ ಮರದ ತೊಲೆ. ಮರ ಉಳಿಗೆ ಬಗ್ಗದಷ್ಟು ಗಟ್ಟಿ. ಎದೆಯ ಎತ್ತರದಲ್ಲಿ ನಾಲ್ಕು ಇಟ್ಟಿಗೆ ತೆಗೆದಾಗ ಆ ಕಡೆ ಟೀಚರಮ್ಮನ ಗಡಿಯಾರ ಕಂಡಿತು.

ಮೇಸ್ತ್ರಿ ತೊಲೆಯ ಮೇಲೆ ಕೈಯಾಡಿಸಿದ. ಮುಖ ಕಪ್ಪಿಟ್ಟಿತು. ಇದು ಮೋಸದ ಕೆಲಸವಲ್ಲ, ಬಲು ಅಚ್ಚುಕಟ್ಟಾದ ಕೆಲಸ.

"ಬಾಗಿಲು ಕಣೋ ಅದು," ಎಂದಳು ಹಿಂದಿನಿಂದ ಮೂಲೆಮನೆ ಅಜ್ಜಿ. ಸಾಲಿನಲ್ಲಿ ಮೊದಲಿಂದ ಇರುವವಳು ಅವಳೊಬ್ಬಳೇ. "ಅಣ್ಣತಮ್ಮ ಇದ್ರು ಈ ಎರಡು ಮನೇಲಿ. ಜಗಳ ಆಡ್ಕೊಂಡು ಮುಚ್ಚಿಸಿದ್ರು. ಗೋಡೆ ಬೀಳೋದೂ ಇಲ್ಲ, ಏನೂ ಇಲ್ಲ."

"ಮೊದಲೇ ಹೇಳಬಾರದಾಗಿತ್ತಾ ಅಜ್ಜಿ?"

"ನೀನು ಕೇಳಿದ್ಯೇನೋ? ಗೋಡೆನ ಕೇಳ್ದೆ. ನನ್ನ ಕೇಳ್ಲಿಲ್ಲ."

ಮೊದಲು ಡ್ರೈವರ್ ನಕ್ಕ, ಅವನ ಹೆಂಡತಿ ನಕ್ಕಳು, ಟೀಚರಮ್ಮ ಸೆರಗು ಬಾಯಿಗೆ ಹಿಡಿದರು. ಮೇಸ್ತ್ರಿ ಉಳಿ ಕೆಳಗಿಟ್ಟು, "ತಪ್ಪಾಯ್ತು. ಈ ಗೋಡೆ ನನಗಿಂತ ಗಟ್ಟಿ," ಎಂದ. ತಪ್ಪಾಯ್ತು ಎನ್ನುವ ಮೇಸ್ತ್ರಿಯನ್ನು ನಾನೂ ಕಂಡಿರಲಿಲ್ಲ. ಸಂಘದ ಸಭೆಗಳಲ್ಲಿ ಅವನದು ಯಾವತ್ತೂ ಕೊನೆಯ ಮಾತು.

ಆ ಗದ್ದಲದಲ್ಲೇ ಹೆಂಡತಿ ಒಳಗೆ ಹೋಗಿ ಚಹಾಕ್ಕಿಟ್ಟಳು. ಸೊಂಟ ಹಿಡಿದಿದ್ದ ಟೀಚರಮ್ಮ ಅಷ್ಟರಲ್ಲಿ ತಮ್ಮ ಮನೆಗೆ ಹೋಗಿ ಆ ಗೋಡೆಯ ಪಕ್ಕ ಕುರ್ಚಿ ಹಾಕಿ ಕೂತಿದ್ದರು. ಇವಳು ಸುತ್ತಿಕೊಂಡು ಹೋಗುವ ಗೋಜಿಗೆ ಹೋಗದೆ ಲೋಟವನ್ನು ತೂತಿನಿಂದಲೇ ದಾಟಿಸಿದಳು. ಆ ಕಡೆಯಿಂದ ಒಂದು ಕೈ ಬಂದು ತೆಗೆದುಕೊಂಡಿತು.

"ಅಷ್ಟು ಜಾಗ ಹಾಗೇ ಬಿಡಿ ಮೇಸ್ತ್ರಿ," ಎಂದಿತು ಟೀಚರಮ್ಮನ ದನಿ. "ಆದ್ರೆ ಕದ ಹಾಕಿ. ನನ್ನ ಕಡೆಯೂ ಚಿಲಕ ಇರಬೇಕು. ಹೊತ್ತಲ್ಲದ ಹೊತ್ತಲ್ಲಿ ಇಣುಕಿದ್ರೆ ಆಗಲ್ಲ ನನಗೆ."

ಈಗಲೂ ಅಲ್ಲಿ ಗೇಣುದ್ದದ ಕದವಿದೆ, ಎರಡು ಕಡೆ ಎರಡು ಚಿಲಕ. ಇಬ್ಬರಿಗೂ ಬೇಕೆನಿಸಿದಾಗ ಮಾತ್ರ ತೆರೆಯುತ್ತದೆ. ಬೆಳಗಿನ ಪೇಪರು, ಮೊಸರಿನ ಹೆಪ್ಪು, ಕನ್ನಡಕದ ಡಬ್ಬಿ ಅದರಲ್ಲಿ ಓಡಾಡುತ್ತವೆ. ಮೇಸ್ತ್ರಿಗೆ ಗೋಡೆ ಡಾಕ್ಟ್ರು ಎಂಬ ಹೆಸರು ಅಂಟಿದ್ದು ಅಂಟಿತು. ಅವನ ಕೈ ಈಗಲೂ ಗೋಡೆಗೆ ಹೋಗುತ್ತದೆ. ಆದರೆ ಮೊದಲು, "ಅಜ್ಜಿ, ಇಲ್ಲಿ ಏನಿತ್ತು?" ಎಂದು ಕೂಗುತ್ತಾನೆ.

ಗೋಡೆ ಒಡೆದ ನಂತರದ ಭಾನುವಾರ ನಾನು ಹೋದಾಗ ಹೆಂಡತಿ ಅಂಗಳದಿಂದ ಬರಿಗೈಯಲ್ಲಿ ಒಳಗೆ ಬಂದಳು. ಕಾಲಿಗೆ ತಂತಿ ಸುತ್ತಿದ ಅವಳ ಪ್ಲಾಸ್ಟಿಕ್ ಕುರ್ಚಿಯಲ್ಲಿ ಹೊರಗೆ ಡ್ರೈವರ್ ಹೆಂಡತಿ ಕಾಲು ಚಾಚಿ ಕೂತು ಯಾರಿಗೋ ಏನೋ ಹೇಳುತ್ತಿದ್ದಳು.

"ನೀರು ಕುಡಿದು ಬರೋಷ್ಟರಲ್ಲಿ ನನ್ನ ಕುರ್ಚಿ ಹೊಡ್ಕೊಂಡ್ಳು ರೀ," ಎಂದಳು ಗಂಡನಿಗೆ. "ಕೇಳಲೂ ಇಲ್ಲ."

ಹೇಳಿ, ಇನ್ನೊಂದು ಕುರ್ಚಿ ಎತ್ತಿಕೊಂಡು ಮತ್ತೆ ಹೊರಗೆ ಹೋದಳು. ಆ ಕುರ್ಚಿಯಲ್ಲಿ ಅಲ್ಲಿಯವರೆಗೂ ನಾನು ಕೂತಿದ್ದೆ.